ಅಜ್ಜಿಯನ್ನೂ ಕರೆದುಕೊಂಡು ತಪಾಸ್ ಊಟಕ್ಕೆ: ಹುಟ್ಟುಹಬ್ಬದ ರಾತ್ರಿಗೆ ತಯಾರಿ ಹೇಗೆ?

ಬೆಂಗಳೂರಿನ ಮನೆಗಳಲ್ಲಿ ಹುಟ್ಟುಹಬ್ಬದ ಊಟ ಎಲ್ಲಿ ಅಂತ ಈಗ ತೀರ್ಮಾನ ಮಾಡುವವರು ಮಕ್ಕಳು. ಅವರು ಆರಿಸುವ ಜಾಗಗಳಲ್ಲಿ ಸ್ಪ್ಯಾನಿಷ್ ತಪಾಸ್ ರೆಸ್ಟೋರೆಂಟ್ ಕೂಡ ಒಂದು. ಸಣ್ಣ ಜಾಗ, ಮಂದ ಬೆಳಕು, ಮೇಜಿನ ನಡುವೆ ಒಂದಾದ ಮೇಲೊಂದು ಪುಟ್ಟ ತಟ್ಟೆಗಳು. ಎಲ್ಲರೂ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತಿನ್ನುವುದು ಅಲ್ಲಿನ ಪದ್ಧತಿ. ಗೆಳೆಯರ ಗುಂಪಿಗೆ ಇದು ಸಲೀಸು. ಆದರೆ ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ, ಪುಟ್ಟ ಮಕ್ಕಳು ಎಲ್ಲ ಸೇರಿ ಹೊರಟಾಗ ಒಂದಿಷ್ಟು ತಯಾರಿ ಬೇಕೇ ಬೇಕು.

ನನ್ನ ಪ್ರಕಾರ ಇಂಥ ಊಟಕ್ಕೆ ಒಂದೇ ಅಳತೆಗೋಲು. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಹೊಟ್ಟೆ ತುಂಬ ಉಂಡು, ಖುಷಿಯಾಗಿ ಎದ್ದರಾ? ಹಾಗಾಗಿ ಯೋಚನೆಯನ್ನು ಅವರಿಂದಲೇ ಶುರು ಮಾಡಿ. ಹುಟ್ಟುಹಬ್ಬ ಯಾರದ್ದೇ ಆಗಿರಲಿ.

ದಿನ ಮತ್ತು ಹೊತ್ತು

ಟೇಬಲ್ ಬುಕ್ ಮಾಡುವ ಮೊದಲು ಪಂಚಾಂಗ ನೋಡಿ. ಆ ದಿನ ಏಕಾದಶಿಯೋ ಸಂಕಷ್ಟಿಯೋ ಆಗಿದ್ದರೆ ಅಜ್ಜಿಯ ಊಟ ಅಲ್ಲಿಗೆ ಮುಗಿಯಿತು. ಸೋಮವಾರ, ಶನಿವಾರ ಮಾಂಸ ಮುಟ್ಟದವರು ಇರುತ್ತಾರೆ. ಶ್ರಾವಣ ಪೂರ್ತಿ ಬಿಡುವವರೂ ಇರುತ್ತಾರೆ. ಅಂಥ ದಿನ ಬಂದರೆ ಬೆಳಿಗ್ಗೆ ಮನೆಯಲ್ಲೇ ಎಣ್ಣೆ ನೀರು ಹಾಕಿ, ಆರತಿ ಎತ್ತಿ, ಪಾಯಸ ಮಾಡಿಬಿಡಿ. ಹೊರಗಿನ ಊಟವನ್ನು ಎರಡು ದಿನ ಮುಂದೆ ಹಾಕಿದರೆ ಯಾರಿಗೂ ಬೇಜಾರಿಲ್ಲ. ಶುಕ್ರವಾರ, ಶನಿವಾರ ರಾತ್ರಿ ಗದ್ದಲ ಜಾಸ್ತಿ. ಮಂಗಳವಾರ, ಬುಧವಾರವಾದರೆ ಜಾಗ ಆರಾಮಾಗಿರುತ್ತದೆ, ಮಾಣಿಗಳಿಗೂ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಸೋಮವಾರ ಬಾಗಿಲು ಹಾಕುವ ಜಾಗಗಳೂ ಇವೆ, ವಿಚಾರಿಸಿ.

ಸ್ಪೇನ್‌ನಲ್ಲಿ ರಾತ್ರಿ ಊಟ ಒಂಬತ್ತು, ಹತ್ತಕ್ಕೆ. ನಮ್ಮ ಹಿರಿಯರಿಗೆ ಅದು ಮಲಗುವ ಹೊತ್ತು. ಏಳು ಗಂಟೆಗೆ ಬುಕ್ ಮಾಡಿ. ಅಡುಗೆಮನೆ ಆಗಷ್ಟೇ ಶುರುವಾಗಿರುತ್ತದೆ, ತಟ್ಟೆಗಳು ಬೇಗ ಬರುತ್ತವೆ, ಸಂಗೀತದ ಸದ್ದೂ ಇನ್ನೂ ಏರಿರುವುದಿಲ್ಲ. ಒಂದು ಎಚ್ಚರ: ಕೆಲವು ಕಡೆ ಏಳರಿಂದ ಒಂಬತ್ತು ಒಂದು ಸರದಿ, ಆಮೇಲೆ ಇನ್ನೊಂದು ಸರದಿ. ಟೇಬಲ್ ಎಷ್ಟು ಹೊತ್ತು ನಿಮ್ಮದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಎಂಟು ಹತ್ತು ಜನಕ್ಕೆ ಎರಡೂವರೆ ಗಂಟೆ ಬೇಕು.

ಇನ್ನು ಟ್ರಾಫಿಕ್. ಜಯನಗರ, ಬಸವನಗುಡಿ ಕಡೆಯಿಂದ ಇಂದಿರಾನಗರಕ್ಕೆ ಸಂಜೆ ಆರರ ಹೊತ್ತಿಗೆ ಕಾರಿನಲ್ಲಿ ಹೊರಟರೆ ದಾರಿಯಲ್ಲೇ ಎಲ್ಲರ ಮೂಡ್ ಹಾಳಾಗುತ್ತದೆ. ಹಸಿರು ಮಾರ್ಗದ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಇಂದಿರಾನಗರ ನಿಲ್ದಾಣದಿಂದ ಒಂದು ಆಟೋ ಮಾಡಿ. ಮೆಜೆಸ್ಟಿಕ್‌ನಲ್ಲಿ ನಡಿಗೆ ಸ್ವಲ್ಪ ಇದೆ, ಮಂಡಿ ನೋವಿರುವವರಿಗೆ ಲಿಫ್ಟ್ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ನಡೆಯಲು ತೀರಾ ಕಷ್ಟ ಅನ್ನುವವರಿದ್ದರೆ ಅವರನ್ನು ಮಾತ್ರ ಐದಕ್ಕೇ ಕಾರಿನಲ್ಲಿ ಹೊರಡಿಸಿ.

ಒಂದು ಫೋನ್ ಮಾಡಿ, ಆ್ಯಪ್ ಸಾಲದು

ಆ್ಯಪ್‌ನಲ್ಲಿ ಬುಕ್ ಮಾಡಿದರೂ ಒಂದು ಸಲ ಫೋನ್ ಮಾಡಿ ಮ್ಯಾನೇಜರ್ ಹತ್ತಿರ ಮಾತಾಡಿ. ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಮಾಡಿದರೆ ಅವರಿಗೂ ಬಿಡುವಿರುತ್ತದೆ. ಬೇಕಿದ್ದರೆ ಒಳಗೆ ಹೋಗಿ ಶೆಫ್‌ನ ಕೇಳಿಕೊಂಡು ಬರುತ್ತಾರೆ.

ಮೊದಲು ಕೂರುವ ವಿಚಾರ. ತಪಾಸ್ ಬಾರ್‌ಗಳಲ್ಲಿ ಎತ್ತರದ ಸ್ಟೂಲುಗಳು ಸಾಮಾನ್ಯ. ಅಜ್ಜಿಗೆ ಬೆನ್ನಿಗೆ ಒರಗುವ, ಕಾಲು ನೆಲಕ್ಕೆ ತಾಗುವ ಕುರ್ಚಿ ಬೇಕು. ಹಳೇ ಮನೆಗಳನ್ನು ರೆಸ್ಟೋರೆಂಟ್ ಮಾಡಿದ ಕಡೆ ಒಳ್ಳೆಯ ಟೇಬಲ್ಲುಗಳೆಲ್ಲ ಮಹಡಿ ಮೇಲಿರುತ್ತವೆ. ಲಿಫ್ಟ್ ಇಲ್ಲದಿದ್ದರೆ ಕೆಳಗಡೆಯೇ ಕೇಳಿ. ಸ್ಪೀಕರ್ ಪಕ್ಕ ಬೇಡ, ಎಸಿ ಗಾಳಿ ನೇರ ತಲೆ ಮೇಲೆ ಬೀಳುವ ಜಾಗವೂ ಬೇಡ. ಇನ್ನೊಂದು ಮಾತು. ಎಂಟು ಜನ ಇದ್ದರೆ ಹತ್ತು ಜನರ ಟೇಬಲ್ ಕೇಳಿ. ಪುಟ್ಟ ತಟ್ಟೆ ಅಂತೀವಿ, ಆದರೆ ಹತ್ತು ತಟ್ಟೆ ಒಟ್ಟಿಗೆ ಬಂದಾಗ ನೀರಿನ ಲೋಟ ಇಡಲೂ ಜಾಗ ಇರುವುದಿಲ್ಲ.

ಆಮೇಲೆ ಅಡುಗೆ ವಿಚಾರ. ಬರೀ "ವೆಜ್ ಇದೆಯಾ?" ಅಂದರೆ "ಇದೆ ಮೇಡಂ, ತುಂಬಾ ಇದೆ" ಅನ್ನುತ್ತಾರೆ. ಪ್ರಶ್ನೆ ಬಿಡಿಸಿ ಕೇಳಬೇಕು. ತರಕಾರಿ ಪಾಯೆಯಾಗೆ, ಅಂದರೆ ಸ್ಪೇನ್‌ನ ಬಾಣಲೆ ಅನ್ನಕ್ಕೆ, ಯಾವ ಸ್ಟಾಕ್ (ಬೇಯಿಸಿ ತೆಗೆದ ರಸ) ಹಾಕ್ತೀರಾ? ಎಷ್ಟೋ ಕಡೆ ಮೇಲೆ ಬರೀ ತರಕಾರಿ ಇದ್ದರೂ ಅಕ್ಕಿ ಬೆಂದಿರುವುದು ಕೋಳಿಯ ಅಥವಾ ಮೀನಿನ ಸ್ಟಾಕಿನಲ್ಲಿ. ಆಲೂಗೆಡ್ಡೆ ಕರಿಯುವ ಎಣ್ಣೆಯಲ್ಲೇ ಸ್ಕ್ವಿಡ್ ಕೂಡ ಕರೀತೀರಾ? ಅಣಬೆಗೆ ಶೆರಿ ಅಥವಾ ವೈನ್ ಹಾಕ್ತೀರಾ? ಸ್ಪ್ಯಾನಿಷ್ ಅಡುಗೆಯಲ್ಲಿ ಇದು ಮಾಮೂಲು. ಕುಡಿಯದ ಹಿರಿಯರಿಗೆ ಅದು ತಟ್ಟೆಯಲ್ಲಿದೆ ಅಂತ ಆಮೇಲೆ ಗೊತ್ತಾದರೆ ತುಂಬಾ ನೋವಾಗುತ್ತದೆ. ಮಾಂಚೆಗೊ ಚೀಸ್ ಕುರಿ ಹಾಲಿನದು. ಅದನ್ನು ಸಾಂಪ್ರದಾಯಿಕವಾಗಿ ಹೆಪ್ಪುಗಟ್ಟಿಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಈ ಮಾತು ತಿಳಿದಿರಲಿ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಇದ್ದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಈ ಅಡುಗೆಯ ಅರ್ಧ ರುಚಿಯೇ ಬೆಳ್ಳುಳ್ಳಿ. ಒಂದು ದಿನ ಮೊದಲು ಹೇಳಿದ್ದರೆ ಉಪ್ಪು, ಆಲಿವ್ ಎಣ್ಣೆಯಲ್ಲಿ ಸುಟ್ಟ ತರಕಾರಿ, ಟೊಮೆಟೊ ಸವರಿದ ಬ್ರೆಡ್, ಸಾದಾ ಕರಿದ ಆಲೂಗೆಡ್ಡೆ ಬೇರೆ ಮಾಡಿಕೊಡಲು ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಜಾಗ ನಿಮ್ಮ ಮನೆಯವರಿಗೆ ಸರಿಹೋಗುವುದಿಲ್ಲ, ಬೇರೆ ನೋಡಿ.

ಮೆನು ಓದುವಾಗ

ಸ್ಪ್ಯಾನಿಷ್ ಅಂದ ತಕ್ಷಣ ಟಾಕೋ, ನಾಚೋಸ್ ನೆನಪಾಗುತ್ತದೆ ಅಲ್ವಾ? ಅವು ಮೆಕ್ಸಿಕೋದವು. ಎರಡೂ ಕಡೆ ಭಾಷೆ ಒಂದೇ, ಅಡುಗೆ ಬೇರೆ. ಇದರಿಂದ ಆಗುವ ದೊಡ್ಡ ಗೊಂದಲ ತೊರ್ತಿಯಾ. ಮೆಕ್ಸಿಕೋದಲ್ಲಿ ಅದು ಮೆಕ್ಕೆಜೋಳದ ಅಥವಾ ಗೋಧಿಯ ತೆಳು ರೊಟ್ಟಿ. ಸ್ಪೇನ್‌ನಲ್ಲಿ ಅದೇ ಹೆಸರಿನದು ಆಲೂಗೆಡ್ಡೆ ಹಾಕಿದ ದಪ್ಪ ಮೊಟ್ಟೆ ಆಮ್ಲೆಟ್. ರೊಟ್ಟಿ ಅಂದುಕೊಂಡು ಅಜ್ಜಿಗೆ ಆರ್ಡರ್ ಮಾಡಿಬಿಡಬೇಡಿ.

ಹಮೋನ್ ಮತ್ತು ಚೊರಿಜೊ ಎರಡೂ ಹಂದಿ ಮಾಂಸ. ಕ್ರೊಕೆಟಾಸ್ ಅಂದರೆ ಗಟ್ಟಿ ಬಿಳಿ ಸಾಸನ್ನು ಉಂಡೆ ಮಾಡಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಒಳಗೆ ಸಾಮಾನ್ಯವಾಗಿ ಹಮೋನ್ ಚೂರುಗಳಿರುತ್ತವೆ. ಪಾಲಕ್ ಅಥವಾ ಅಣಬೆಯದ್ದು ಇದ್ದರೂ ಹೊರಗಿನ ಪದರಕ್ಕೆ ಮೊಟ್ಟೆ ಬಳಸಿರುತ್ತಾರೆ. ಅಲ್ಬೊಂದಿಗಾಸ್ ಅಂದರೆ ಮಾಂಸದ ಉಂಡೆ. ಯಾವ ಮಾಂಸ ಅಂತ ಕೇಳದೆ ಮುಟ್ಟಬೇಡಿ. ಆಲಿಯೋಲಿ ಅನ್ನುವ ಬೆಳ್ಳುಳ್ಳಿ ಸಾಸ್‌ನಲ್ಲಿ ಈಗ ಹೆಚ್ಚಿನ ಕಡೆ ಮೊಟ್ಟೆ ಇರುತ್ತದೆ.

ಹಾಗಾದರೆ ಸಸ್ಯಾಹಾರಿಗಳಿಗೆ ಏನು? ಬೇಕಾದಷ್ಟಿದೆ. ಪಟಾಟಾಸ್ ಬ್ರಾವಾಸ್, ಅಂದರೆ ಕರಿದ ಆಲೂಗೆಡ್ಡೆ ಮೇಲೆ ಖಾರದ ಕೆಂಪು ಸಾಸ್. ಆ ಸಾಸ್‌ಗೆ ಮಾಂಸದ ಸ್ಟಾಕ್ ಹಾಕುವವರೂ ಇದ್ದಾರೆ, ಕೇಳಿಕೊಳ್ಳಿ. ಸೆವಿಲ್ಯದ ಕಡೆಯ, ಕಾಬೂಲ್ ಕಡಲೆ ಹಾಕಿದ ಪಾಲಕ್ ಪಲ್ಯ ಇದೆ, ಜೀರಿಗೆ ಘಮ ಬರುತ್ತದೆ. ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದ ಅಣಬೆ ಇದೆ. ಕರಿದ ಬದನೆಕಾಯಿ ಮೇಲೆ ಕಬ್ಬಿನ ಪಾಕ ಸುರಿದುಕೊಡುವ ಆಂಡಲೂಸಿಯದ ತಿನಿಸು ಮೆನುವಿನಲ್ಲಿದ್ದರೆ ಬಿಡಲೇಬೇಡಿ. ಪಾದ್ರೋನ್ ಅನ್ನುವ ಪುಟ್ಟ ಹಸಿರು ಮೆಣಸಿನಕಾಯಿಗಳನ್ನು ಬಾಡಿಸಿ, ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಬಹುಪಾಲು ಖಾರ ಇರುವುದಿಲ್ಲ, ನಡುವೆ ಒಂದು ಮಾತ್ರ ಜೋರಾಗಿ ಖಾರ ಸಿಗುತ್ತದೆ. ದೊಡ್ಡವರಿಗೆ ಮಜಾ, ಪುಟ್ಟ ಮಕ್ಕಳಿಗೆ ಬೇಡ. ಗಾಸ್ಪಾಚೊ ತಣ್ಣನೆಯ ಟೊಮೆಟೊ ಸೂಪ್. ರಾತ್ರಿ ಹೊತ್ತು ತಣ್ಣಗಿನದು ಬೇಡ ಅನ್ನುವ ಹಿರಿಯರಿಗೆ ಅದನ್ನು ಒತ್ತಾಯ ಮಾಡಬೇಡಿ.

ಖಾರದ ಬಗ್ಗೆ ಒಂದು ಮಾತು. ಸ್ಪೇನ್‌ನ ಪಿಮೆಂತೋನ್, ಅಂದರೆ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ, ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ನೋಡಿ ಹೆದರಬೇಕಾಗಿಲ್ಲ. ಅಸಲಿಗೆ ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ ಮೂರೂ 1492ರ ನಂತರ ಅಮೆರಿಕ ಖಂಡದಿಂದ ಸ್ಪೇನ್‌ಗೆ ಬಂದವು. ನಮ್ಮ ಕಡೆಗೆ ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ. ತಟ್ಟೆಗಳು ಬರುವವರೆಗೆ ತಾತನಿಗೆ ಈ ಕಥೆ ಹೇಳಿ, ಅವರು ಇನ್ನೆರಡು ಸೇರಿಸುತ್ತಾರೆ.

ಎಂಜಲಿನ ಪ್ರಶ್ನೆ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಊಟ ಕೆಡುವುದು ಇಲ್ಲೇ. ತಪಾಸ್ ಅಂದರೆ ಎಲ್ಲರೂ ಒಂದೇ ತಟ್ಟೆಯಿಂದ ತಮ್ಮ ತಮ್ಮ ಫೋರ್ಕ್‌ನಲ್ಲಿ ಚುಚ್ಚಿ ತಿನ್ನುವುದು. ಎಂಜಲು, ಮುಸುರೆ ನೋಡಿಕೊಂಡು ಬೆಳೆದ ಹಿರಿಯರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಅವರು ಜಗಳವನ್ನೂ ಮಾಡುವುದಿಲ್ಲ. "ನಂಗೆ ಹಸಿವಿಲ್ಲ ಕಣೋ, ನೀವು ತಿನ್ನಿ" ಅಂದು ಸುಮ್ನೆ ಕೂತುಬಿಡುತ್ತಾರೆ. ಮೊಮ್ಮಕ್ಕಳು ಅದನ್ನು ನಿಜ ಅಂದುಕೊಳ್ಳುತ್ತಾರೆ.

ಪರಿಹಾರ ಕಷ್ಟದ್ದೇನಲ್ಲ. ಕೂತ ತಕ್ಷಣ ಪ್ರತಿ ತಟ್ಟೆಗೂ ಬೇರೆ ಬೇರೆ ಬಡಿಸುವ ಚಮಚ ಕೊಡಿ ಅಂತ ಹೇಳಿ. ಮೇಜನ್ನು ಎರಡು ಭಾಗ ಮಾಡಿ: ಒಂದು ತುದಿ ಪೂರ್ತಿ ಸಸ್ಯಾಹಾರ, ಇನ್ನೊಂದು ತುದಿ ಮಾಂಸ, ಮೀನು. ಮೊಟ್ಟೆ ತಟ್ಟೆಗಳು ನಡುವೆ. ಅಜ್ಜಿ ಸಸ್ಯಾಹಾರದ ತುದಿಯಲ್ಲಿ, ಅವರ ಪಕ್ಕ ಅವರಷ್ಟೇ ಮಡಿ ಇರುವವರು. ಸಿಗಡಿ ಅಂದರೆ ಪ್ರಾಣ ಬಿಡುವ ಚಿಕ್ಕಪ್ಪ ಆ ಕಡೆ. ಮಕ್ಕಳು ಎಲ್ಲಿ ಬೇಕಾದರೂ ಕೂರಲಿ, ಆದರೆ ಒಂದು ಕಡೆಯ ಚಮಚ ಇನ್ನೊಂದು ಕಡೆ ಹೋಗಬಾರದು ಅಂತ ಮನೆಯಲ್ಲೇ ಹೇಳಿಕೊಟ್ಟಿರಿ.

ಎಲ್ಲಕ್ಕಿಂತ ಮುಖ್ಯ, ಪ್ರತಿ ತಟ್ಟೆ ಬಂದಾಗಲೂ ಮೊದಲು ಹಿರಿಯರಿಗೆ ಬಡಿಸಿ. ಯಾರೂ ಕೈ ಹಾಕುವ ಮೊದಲೇ ಅವರ ತಟ್ಟೆಗೆ ಹೋಗಲಿ. ಈ ಕೆಲಸವನ್ನು ಒಬ್ಬರಿಗೆ ವಹಿಸಿಬಿಡಿ. ಹುಟ್ಟುಹಬ್ಬದ ಹುಡುಗಿಯೇ ಅಜ್ಜಿಗೆ ಬಡಿಸಿದರೆ ಇನ್ನೂ ಚೆನ್ನ. "ಸಾಕು, ಸಾಕು" ಅಂದಾಗ ಎರಡನೇ ಸಲವೂ ಕೇಳಿ. ನಮ್ಮಲ್ಲಿ ಮೊದಲ "ಸಾಕು" ಲೆಕ್ಕಕ್ಕಿಲ್ಲ ಅಂತ ಎಲ್ಲರಿಗೂ ಗೊತ್ತು.

ಎಷ್ಟು, ಯಾವಾಗ ಆರ್ಡರ್ ಮಾಡಬೇಕು

ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. ಮೇಜು ತುಂಬಿ, ಅರ್ಧ ಆರಿಹೋಗಿ, ಇನ್ನರ್ಧ ಯಾರದ್ದು ಅಂತ ಗೊತ್ತಾಗದೆ ಉಳಿಯುತ್ತದೆ. ಮೂರು ಸುತ್ತು ಮಾಡಿ. ಒಬ್ಬರಿಗೆ ಎರಡರಿಂದ ಮೂರು ತಟ್ಟೆ ಅಂತ ಲೆಕ್ಕ ಹಿಡಿಯಿರಿ. ಪಾಯೆಯಾ ಇದ್ದರೆ ಎರಡು ಸಾಕು. ಪ್ರತಿ ತಟ್ಟೆಗೆ "ಎಷ್ಟು ಪೀಸ್ ಬರುತ್ತೆ?" ಅಂತ ಕೇಳಿ. ನಾಲ್ಕು ಕ್ರೊಕೆಟಾ ಬರುವ ತಟ್ಟೆ ಎಂಟು ಜನರ ನಡುವೆ ಬಂದರೆ ಮುಜುಗರ. ಅಂಥದ್ದನ್ನು ಎರಡು ತಟ್ಟೆ ಹೇಳಿ.

ಮೊದಲ ಸುತ್ತು ಬೇಗ ಬರುವಂಥದ್ದು: ಆಲಿವ್, ಪಾದ್ರೋನ್, ಎರಡು ತಟ್ಟೆ ಬ್ರಾವಾಸ್, ಟೊಮೆಟೊ ಬ್ರೆಡ್. ಈ ಬ್ರೆಡ್ ಕತಲೋನಿಯದ್ದು. ಸುಟ್ಟ ಬ್ರೆಡ್ ಮೇಲೆ ಬೆಳ್ಳುಳ್ಳಿ ತಿಕ್ಕಿ, ಹಣ್ಣು ಟೊಮೆಟೊವನ್ನು ಅರ್ಧ ಕತ್ತರಿಸಿ ಸವರಿ, ಆಲಿವ್ ಎಣ್ಣೆ, ಉಪ್ಪು ಹಾಕುತ್ತಾರೆ. ಅಷ್ಟೇ. ಬೆಳ್ಳುಳ್ಳಿ ಬೇಡ ಅಂದರೆ ಸುಲಭವಾಗಿ ಬಿಡಬಹುದು. ಮಕ್ಕಳು ಹಸಿದು ಬಂದಿರುತ್ತಾರೆ, ಆಲೂಗೆಡ್ಡೆ ಮೇಜಿಗೆ ಬಂದ ಮೇಲೆ ಅವರ ಗಲಾಟೆ ನಿಲ್ಲುತ್ತದೆ.

ಎರಡನೇ ಸುತ್ತಿಗೆ ಪಾಲಕ್ ಕಡಲೆ, ಅಣಬೆ, ಬದನೆಕಾಯಿ, ನಡುವೆ ತೊರ್ತಿಯಾ, ಆ ಕಡೆಗೆ ಸಿಗಡಿ. ಬೆಳ್ಳುಳ್ಳಿ ಸಿಗಡಿ ಬರುವುದನ್ನು ನೋಡಬೇಕು. ಪುಟ್ಟ ಮಣ್ಣಿನ ಬಟ್ಟಲು, ಒಳಗೆ ಆಲಿವ್ ಎಣ್ಣೆ ಇನ್ನೂ ಚುರುಚುರು ಅನ್ನುತ್ತಿರುತ್ತದೆ. ತೆಳುವಾಗಿ ಕತ್ತರಿಸಿದ ಬೆಳ್ಳುಳ್ಳಿ ಅಂಚಿನಲ್ಲಿ ಕಂದು ತಿರುಗಿರುತ್ತದೆ, ಒಂದೆರಡು ಒಣಮೆಣಸಿನ ಚೂರು ತೇಲುತ್ತಿರುತ್ತವೆ. ಬಟ್ಟಲು ಬೆಂಕಿ ಬಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿಸಿ. ಸಿಗಡಿ ಮುಗಿದ ಮೇಲೆ ಬಟ್ಟಲು ವಾಪಸ್ ಕಳಿಸಬೇಡಿ. ತಳದಲ್ಲಿ ಉಳಿದ ಎಣ್ಣೆಯಲ್ಲಿ ಬ್ರೆಡ್ ಅದ್ದಿ ತಿನ್ನುವುದೇ ಅದರ ಸಾರ. ಅದಕ್ಕೇ ಇನ್ನೊಂದು ಬುಟ್ಟಿ ಬ್ರೆಡ್ ಮೊದಲೇ ಹೇಳಿರಿ.

ಪಾಯೆಯಾ: ಹಿರಿಯರಿಗೆ ಅನ್ನ ಬೇಕಲ್ಲ

ಎಷ್ಟು ತಿಂಡಿ ತಿಂದರೂ ಅನ್ನ ಉಣ್ಣದೆ ನಮ್ಮವರಿಗೆ ಊಟ ಆದ ಹಾಗಲ್ಲ. ಪಾಯೆಯಾ ಕೈ ಹಿಡಿಯುವುದು ಇಲ್ಲೇ. ಅದರ ತವರು ವಲೆನ್ಸಿಯ. ಅಲ್ಲಿನ ಸಾಂಪ್ರದಾಯಿಕ ಪಾಯೆಯಾದಲ್ಲಿ ಕೋಳಿ, ಮೊಲದ ಮಾಂಸ, ಹುರುಳಿಕಾಯಿ ಇರುತ್ತವೆ. ಸಿಗಡಿ, ಚಿಪ್ಪುಮೀನು ಹಾಕಿದ್ದು ಇನ್ನೊಂದು ಬಗೆ. ಅಗಲವಾದ, ತಳ ತೆಳುವಾದ ಬಾಣಲೆಯಲ್ಲಿ ಗುಂಡು ಅಕ್ಕಿಯನ್ನು ಕೇಸರಿ ಹಾಕಿದ ಸ್ಟಾಕಿನಲ್ಲಿ ಬೇಯಿಸುತ್ತಾರೆ. ಸ್ಟಾಕ್ ಹಾಕಿದ ಮೇಲೆ ಕೈಯಾಡಿಸುವುದಿಲ್ಲ. ತಳದಲ್ಲಿ ತೆಳುವಾದ ಗರಿಗರಿ ಪದರ ಕಟ್ಟುತ್ತದೆ. ಗೊತ್ತಿದ್ದವರು ಅದನ್ನು ಚಮಚದಲ್ಲಿ ಕೆರೆದು ಕೆರೆದು ತಿನ್ನುತ್ತಾರೆ. ಅದನ್ನು ಸೀದುಹೋಗಿದೆ ಅಂತ ಬಿಟ್ಟುಬಿಡಬೇಡಿ.

ಹೊಸದಾಗಿ ಮಾಡಲು ಮೂವತ್ತರಿಂದ ನಲವತ್ತು ನಿಮಿಷ ಬೇಕು. ಹಾಗಾಗಿ ಮೊದಲ ಸುತ್ತಿನ ಜೊತೆಗೇ ಹೇಳಿ, ಮೂರನೇ ಸುತ್ತಿಗೆ ಬರಲಿ. ಹತ್ತೇ ನಿಮಿಷದಲ್ಲಿ ಕೊಡ್ತೀವಿ ಅಂದರೆ ಅಕ್ಕಿ ಮೊದಲೇ ಬೆಂದಿದೆ ಅಂತಲೇ ಅರ್ಥ. ತರಕಾರಿಯದ್ದು ಒಂದು, ಕೋಳಿ ಅಥವಾ ಸಿಗಡಿಯದ್ದು ಒಂದು, ಬೇರೆ ಬೇರೆ ಬಾಣಲೆಯಲ್ಲಿ. ಅಕ್ಕಿ ಸ್ವಲ್ಪ ಗಟ್ಟಿಯಾಗಿಯೇ ಇರುತ್ತದೆ. ಹಲ್ಲಿನ ತೊಂದರೆ ಇರುವವರಿಗೆ ಇನ್ನೂ ಸ್ವಲ್ಪ ಬೇಯಿಸಿ ಅಂತ ಮೊದಲೇ ಹೇಳಿ.

ಕುಡಿಯುವುದಕ್ಕೆ ಮಕ್ಕಳಿಗೂ ಹಿರಿಯರಿಗೂ ಹಣ್ಣಿನ ಚೂರು ಹಾಕಿದ, ಮದ್ಯ ಇಲ್ಲದ ಸಾಂಗ್ರಿಯಾ ಕೇಳಿ. ಅದಕ್ಕೆ ಬೇರೆ ಜಗ್ ಇರಲಿ, ವೈನ್ ಇರುವ ಜಗ್ ಜೊತೆ ಅದಲು ಬದಲಾಗಬಾರದು. ಅಜ್ಜಿಗೆ ಬಿಸಿನೀರು ಮೊದಲೇ ತರಿಸಿಡಿ.

ಕೇಕ್, ದೀಪ, ಸಿಹಿ

ಹೊರಗಿನ ಕೇಕ್ ತಂದರೆ ಕೆಲವು ಕಡೆ ಅದಕ್ಕೆ ಶುಲ್ಕ ಹಾಕುತ್ತಾರೆ, ಕೆಲವು ಕಡೆ ಬಿಡುವುದೇ ಇಲ್ಲ. ಫೋನಿನಲ್ಲೇ ಕೇಳಿ. ಅವರ ಸಿಹಿಯಲ್ಲೇ ಮೇಣದಬತ್ತಿ ಹಚ್ಚಿಸುವುದಾದರೆ ಮೊಟ್ಟೆ ವಿಚಾರ ನೋಡಿಕೊಳ್ಳಿ. ಬಾಸ್ಕ್ ಚೀಸ್ ಕೇಕ್, ಫ್ಲಾನ್, ಕ್ರೇಮಾ ಕತಲಾನಾ, ಬಾದಾಮಿಯ ಸಾಂತಿಯಾಗೊ ಕೇಕ್, ಎಲ್ಲದರಲ್ಲೂ ಮೊಟ್ಟೆ ಇದೆ. ಚುರೋಸ್ ಹಿಟ್ಟಿಗೆ ಸ್ಪೇನ್‌ನಲ್ಲಿ ಸಾಮಾನ್ಯವಾಗಿ ಮೈದಾ, ನೀರು, ಉಪ್ಪು ಮಾತ್ರ. ಆದರೂ ಇಲ್ಲಿ ಮೊಟ್ಟೆ ಸೇರಿಸುವವರು ಇದ್ದಾರೆ, ಖಚಿತ ಮಾಡಿಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಅರ್ರೋಸ್ ಕೋನ್ ಲೆಚೆ. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ, ನಿಂಬೆಹಣ್ಣಿನ ಸಿಪ್ಪೆ. ಅಜ್ಜಿಗೆ ಏನೂ ವಿವರಿಸಬೇಕಾಗಿಲ್ಲ, ಒಂದು ಚಮಚ ಬಾಯಿಗಿಟ್ಟ ಕೂಡಲೇ ಏಲಕ್ಕಿ ಹಾಕಬೇಕಿತ್ತು ಅಂತ ಹೇಳುತ್ತಾರೆ.

ದೀಪ ಆರಿಸಬಾರದು ಅನ್ನುವ ಮನೆಗಳಲ್ಲಿ ಮೇಣದಬತ್ತಿ ಊದುವುದನ್ನು ಬಿಟ್ಟುಬಿಡಿ. ಅದರ ಬದಲು ಸ್ಪೇನ್‌ನ ಒಂದು ಪದ್ಧತಿ ಮಾಡಬಹುದು. ಹುಟ್ಟುಹಬ್ಬದವರ ಕಿವಿಯನ್ನು ವಯಸ್ಸಿಗೊಂದರಂತೆ ಮೆಲ್ಲಗೆ ಎಳೆಯುತ್ತಾರೆ. ಎಂಟು ವರ್ಷದ ಮಗುವಿಗೆ ಎಂಟು ಸಲ, ಎಲ್ಲರೂ ಒಟ್ಟಿಗೆ ಎಣಿಸುತ್ತಾ. ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ. ಆಮೇಲೆ ಹಿರಿಯರ ಕಾಲಿಗೆ ನಮಸ್ಕಾರ. ಮೇಜುಗಳ ನಡುವೆ ಜಾಗ ಕಮ್ಮಿ ಇದ್ದರೆ ಹೊರಡುವಾಗ ಬಾಗಿಲ ಹತ್ತಿರ ಮಾಡಿ.

ಬಿಲ್

ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಊಟಕ್ಕೆ ಶೇ 5 ಜಿಎಸ್‌ಟಿ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಆದರೆ ಶೇ 18. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದರ ತೆರಿಗೆ ಬೇರೆ. ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿ ಹಿಡಿಯಿತು. ಬಿಲ್‌ನಲ್ಲಿ ಕಂಡರೆ ತೆಗೆಯಿರಿ ಅಂತ ಮರ್ಯಾದೆಯಿಂದ ಕೇಳಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಜ್ಜಿಗಾಗಿ ಮೂರು ಸಲ ಒಳಗೆ ಓಡಿಹೋಗಿ ಕೇಳಿಕೊಂಡು ಬಂದ ಮಾಣಿಗೆ ಮಾತ್ರ ಕೈಯಾರೆ ಟಿಪ್ಸ್ ಕೊಡಿ.

ಬಿಲ್ ಬರುವ ಹೊತ್ತಿಗೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಪರ್ಸ್ ತೆಗೆದು ಕೈಕೈ ಹಿಡಿದು ಎಳೆದಾಡುತ್ತಾರೆ. ಕೊಡುವವರು ಯಾರು ಅಂತ ಮೊದಲೇ ಗಟ್ಟಿ ಮಾಡಿ, ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೌಂಟರ್‌ನಲ್ಲೇ ಕೊಟ್ಟು ಬನ್ನಿ. ಬಿಲ್ ಮೊತ್ತ ಹಿರಿಯರ ಕಣ್ಣಿಗೆ ಬೀಳದಿದ್ದರೆ ಒಳ್ಳೆಯದು. ಆಲೂಗೆಡ್ಡೆಗೆ ಇಷ್ಟಾ ಅಂತ ಕೇಳಿದರೆ ತಿಂದ ಖುಷಿ ಕಮ್ಮಿಯಾಗುತ್ತದೆ.

ಉಳಿದದ್ದರಲ್ಲಿ ಕಟ್ಟಿಸಿಕೊಳ್ಳಬೇಕಾದದ್ದು ತರಕಾರಿ ಪಾಯೆಯಾ ಒಂದೇ. ಕರಿದದ್ದೆಲ್ಲ ಮನೆ ತಲುಪುವಷ್ಟರಲ್ಲಿ ಮೆತ್ತಗಾಗುತ್ತದೆ, ಸಿಗಡಿ ಕಾರಿನ ತುಂಬ ವಾಸನೆ ಹಬ್ಬಿಸುತ್ತದೆ. ಹೋದ ಕೂಡಲೇ ಪಾಯೆಯಾವನ್ನು ಫ್ರಿಜ್‌ನಲ್ಲಿಡಿ. ಮರುದಿನ ದೋಸೆ ಕಾವಲಿ ಮೇಲೆ ಸ್ವಲ್ಪ ಎಣ್ಣೆ ಹಾಕಿ, ತೆಳುವಾಗಿ ಹರಡಿ, ಮುಚ್ಚದೆ ಚೆನ್ನಾಗಿ ಬಿಸಿ ಮಾಡಿದರೆ ತಳದ ಗರಿಗರಿ ಮತ್ತೆ ಬರುತ್ತದೆ.